ಜೀಪಿನ ಬೆಳಕಿಂಡಿಯೂ ಮನೆಯ ತೊಟ್ಟಿಯೂ

ಸೋರುವ ಮಾಡಿನ ಕೆಳಗೆ ಒಂದು ರಾತ್ರಿಯನ್ನಾದರೂ ಕಳೆದವರಿಗೆ ನೀರಿನ ಸ್ವಭಾವವನ್ನು ವಿವರಿಸಬೇಕಾದುದಿಲ್ಲ. ಅದು ಒಳಹೊಗುವ ಸ್ಥಳ ಒಂದು, ತೊಟ್ಟಿಕ್ಕುವ ಸ್ಥಳ ಇನ್ನೊಂದು. ಹೆಂಚು ಒಡೆದಿರುವುದು ಅಡಿಗೆಯ ಮನೆಯ ಮೇಲೆ. ಹನಿ ಬೀಳುವುದು ದೇವರ ಮನೆಯಲ್ಲಿ. ಹನಿ ಬೀಳುವಲ್ಲಿಯೇ ದೋಷವಿದೆಯೆಂದು ನಿಶ್ಚಯಿಸುವವನು ಮೋಸಹೋಗುವನು. ಇಷ್ಟನ್ನು ನಾನು ಬಾಲ್ಯದಿಂದಲೂ ಬಲ್ಲೆನು, ಬಲ್ಲವನಾಗಿದ್ದೂ ಮೋಸಹೋದೆನು. ಆ ಮೋಸದ ವೃತ್ತಾಂತವನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೂವತ್ತು ವರ್ಷಗಳಿಗೂ ಮಿಕ್ಕು ಹುಡುಗರಿಗೆ ಶಬ್ದ-ಧಾತುಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ಸಂಸ್ಕೃತದ ಮೇಷ್ಟರು ಮೋಟಾರು ಗಾಡಿಯ ರಿಪೇರಿಯನ್ನು ಕುರಿತು ಬರೆಯಹೊರಟರೆ ಕೆಲವರು ನಗಬಹುದು. ನಗಲಿ. ಹಳೆಯ ಗಾಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವ ಮನೆಗಳು ನಮ್ಮ ನಾಡಿನಲ್ಲಿ ಅನೇಕವಿವೆ. ಅವರಲ್ಲಿ ಒಬ್ಬರಾದರೂ ನಾನು ಮಾಡಿದ ತಪ್ಪನ್ನು ಮಾಡದೆ ಉಳಿದರೆ ನನ್ನ ಶ್ರಮ ಸಾರ್ಥಕ.

ತೀರ್ಥಹಳ್ಳಿಯ ಸಮೀಪದಲ್ಲಿ ನನ್ನ ಅಕ್ಕನ ಮನೆ ಇರುವುದು. ಅಡಿಕೆಯ ತೋಟ, ನಡುವೆ ಹಳೆಯ ತೊಟ್ಟಿಯ ಮನೆ. ನಮ್ಮ ಭಾವನವರು ಬದುಕಿದ್ದಾಗ ಪರದೇಶದ ಒಂದು ಕಂಪೆನಿಯ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಗಾಡಿಯೊಂದನ್ನು ಬೆಂಗಳೂರಿನಲ್ಲಿ ಹಳೆಯದಾಗಿಯೇ ಕೊಂಡು ತಂದಿದ್ದರು. ಅಂತಹ ಗಾಡಿ ಯಾವ ಹೆಸರಿನದಾದರೂ ನಮ್ಮ ಕಡೆಯ ಜನರ ಬಾಯಲ್ಲಿ ಜೀಪೇ. ಕೆಸರಿನಲ್ಲಿ, ಹಳ್ಳದಲ್ಲಿ, ಜಾರುವ ತೋಟದ ಏರಿನಲ್ಲಿ ಅದು ಎಂದೂ ಕೈಕೊಟ್ಟುದಿಲ್ಲ. ಅದರ ಮಾಡಿನ ನಡುವೆ ಒಂದು ಗಾಜಿನ ಮುಚ್ಚಳವಿದ್ದಿತು. ಗುಂಡಿಯನ್ನು ಒತ್ತಿದರೆ ಅದು ವಿದ್ಯುತ್ತಿನ ಬಲದಿಂದ ಹಿಂದಕ್ಕೆ ಸರಿದು ಆಕಾಶವನ್ನು ತೋರಿಸುತ್ತಿದ್ದಿತು. ಸನ್‌ರೂಫ್ ಎಂದು ಇದಕ್ಕೆ ಹೆಸರು. ಹೆಂಚಿನ ಮಾಡಿನಲ್ಲಿ ಒಂದೆರಡು ಗಾಜಿನ ಹೆಂಚುಗಳನ್ನು ಕೂಡಿಸಿ ಬೆಳಕಿಂಡಿ ಮಾಡಿಕೊಳ್ಳುವ ನಮಗೆ ಇದು ಹೊಸ ವಿಷಯವೇನೂ ಅಲ್ಲ; ಆದಕಾರಣ ನಾನು ಅದನ್ನು ಬೆಳಕಿಂಡಿಯೆಂದೇ ಕರೆಯುವೆನು. ಅಕ್ಕನಿಗೆ ಅದರ ಮೇಲೆ ಬಹಳ ಮೋಹ. ಹಿಂದಿನ ಆಸನದಲ್ಲಿ ಒರಗಿ ಮರಗಳ ತಲೆಗಳು ಹಿಂದೆ ಹಿಂದೆ ಓಡುವುದನ್ನು ನೋಡುತ್ತ ಕುಳಿತರೆ ಅವಳಿಗೆ ದಾರಿ ಸವೆದುದೇ ತಿಳಿಯುತ್ತಿರಲಿಲ್ಲ.

ಈ ಬೆಳಕಿಂಡಿಯ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುವೆನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ, ತರುವಾಯ ನಮ್ಮ ದೇಶದಲ್ಲಿಯೂ ಜೋಡಿಸಲ್ಪಟ್ಟ ಮೊದಲಿನ ಜೀಪುಗಳಿಗೆ ಬಟ್ಟೆಯ ಮುಚ್ಚಿಗೆಯೇ ಮಾಡು. ಬಿಸಿಲು ಬೇಕಾದರೆ ಮಡಿಚಿದರಾಯಿತು. ಜರ್ಮನಿಯಲ್ಲಿ ವಿಲ್ಹೆಲ್ಮ್ ಬೈಯರ್ ಎಂಬಾತನು ೧೯೦೧ರಲ್ಲಿ ಸ್ಥಾಪಿಸಿದ ಕಾರ್ಖಾನೆಯು ೧೯೩೦ರ ದಶಕದಲ್ಲಿ ಕಾರುಗಳಿಗೆ ಮಡಿಚುವ ಮಾಡುಗಳನ್ನು ಮಾಡತೊಡಗಿತು. ಆತನ ಹೆಸರಿನಿಂದಲೂ ಸ್ಟಾಕ್‌ಡಾರ್ಫ್ ಎಂಬ ಊರ ಹೆಸರಿನಿಂದಲೂ ಕೆಲವು ಅಕ್ಷರಗಳನ್ನು ಆಯ್ದು, ನಮ್ಮ ವೈಯಾಕರಣರು ಪ್ರತ್ಯಾಹಾರಗಳನ್ನು ಮಾಡಿದಂತೆ, ವೆಬಾಸ್ಟೊ ಎಂಬ ಹೆಸರನ್ನು ಕಟ್ಟಿಕೊಂಡ ಆ ಸಂಸ್ಥೆ ಇಂದಿಗೂ ಈ ಉದ್ಯೋಗದಲ್ಲಿ ಪ್ರಸಿದ್ಧವಾಗಿದೆ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಹೈಂಜ್ ಪ್ರೆಕ್ಟರ್ ಎಂಬಾತನು ೧೯೬೫ರಲ್ಲಿ ಅಲ್ಲಿ ಸನ್‌ರೂಫುಗಳಿಗಾಗಿಯೇ ಒಂದು ಕಂಪೆನಿಯನ್ನು ತೆರೆದನು. ತರುವಾಯ ವಿದ್ಯುತ್ತಿನ ಮೋಟಾರು ಬಂದಿತು. ಅದರೊಡನೆ ಕೆಡುವ ಭಾಗಗಳೂ ಹೆಚ್ಚಿದುವು.

ಭಾವನವರು ತೀರಿಕೊಂಡ ಬಳಿಕ ಗಾಡಿಯು ಎರಡು ವರ್ಷ ಹಿತ್ತಿಲಿನ ಹಲಸಿನ ಮರದ ಕೆಳಗೆ ನಿಂತೇ ಇದ್ದಿತು. ಅಕ್ಕನ ಮಗನು ಬೆಂಗಳೂರಿನ ಕೆಲಸವನ್ನು ಬಿಟ್ಟು ತೋಟಕ್ಕೆ ಮರಳಿದಾಗ ಅದನ್ನು ಮತ್ತೆ ಹೊರಗೆಳೆದನು. ಆ ವರ್ಷದ ನವರಾತ್ರಿಯ ಮಳೆಯಲ್ಲಿ ಅದು ಸೋರತೊಡಗಿತು. ಮುಂದಿನ ಬಲಗಡೆಯ ಆಸನದ ಮೇಲೆ ಹನಿ. ಕಾಲಿಡುವಲ್ಲಿ ಹಾಸಿದ ಕಂಬಳಿ ಒದ್ದೆ. ಒಳಗೆ ಬೂಷ್ಟಿನ ವಾಸನೆ. ಪೇಟೆಯ ಒಂದು ಕಾರ್ಖಾನೆಯಲ್ಲಿ ವಿಚಾರಿಸಲಾಗಿ, ಮಾಡಿನ ಚೌಕಟ್ಟನ್ನೇ ಬದಲಿಸಬೇಕು, ಅದು ಪರದೇಶದಿಂದ ಬರಬೇಕು ಎಂದರಂತೆ. ಅವರು ಹೇಳಿದ ಮೊತ್ತವನ್ನು ಕೇಳಿ ಅಳಿಯನು ಗಾಡಿಯನ್ನು ಮಾರಿಬಿಡುವ ಯೋಚನೆಗೆ ಬಂದನು. ಅಕ್ಕನು ಏನೂ ಮಾತನಾಡಲಿಲ್ಲ. ಮಾತನಾಡದಿದ್ದುದೇ ನನಗೆ ನೋವಾಯಿತು.

ಆಗ ನಾನು ಪಂಡಿತನಂತೆ ಮುಂದೆ ಬಂದೆನು. ಗಾಜನ್ನು ಹಿಂದಕ್ಕೆ ಸರಿಸಿ ನೋಡಲು, ಅದರ ಕೆಳಗೆ ಸುತ್ತಲೂ ಒಂದು ಸಣ್ಣ ಕಾಲುವೆಯಂತಹ ಹಳ್ಳವೂ, ಅದರ ನಾಲ್ಕು ಮೂಲೆಗಳಲ್ಲಿ ಒಂದೊಂದು ಸಣ್ಣ ತೂತೂ ಕಂಡುವು. “ಸಿಕ್ಕಿತು ನೋಡು! ತೂತಿದ್ದರೆ ತಾನೆ ಸೋರುವುದು? ತುಕ್ಕು ತಿಂದಿದೆ. ಮುಚ್ಚಿಬಿಡು” ಎಂದೆನು. “ನಾಲ್ಕೂ ಕಡೆ ಒಂದೇ ಸಮನಾಗಿ ತುಕ್ಕು ತಿನ್ನುತ್ತದೆಯೆ, ಮಾವ?” ಎಂದು ಅವನು ಸಂಶಯಪಟ್ಟನು. ಅದು ನ್ಯಾಯವಾದ ಪೂರ್ವಪಕ್ಷವೇ. ನಾನು ವಯಸ್ಸಿನ ಬಲದಿಂದ ಅದನ್ನು ಖಂಡಿಸಿಬಿಟ್ಟೆನು. ಸಿಲಿಕೋನಿನ ಅಂಟನ್ನು ತಂದು ನಾಲ್ಕು ತೂತುಗಳನ್ನೂ ಭದ್ರವಾಗಿ ತುಂಬಿದೆವು. ಗಾಜನ್ನು ಮುಚ್ಚಿ ಮೇಲೆ ಎರಡು ಕೊಡ ನೀರು ಸುರಿದರೂ ಒಳಗೆ ಒಂದು ಹನಿ ಬೀಳಲಿಲ್ಲ. ಗಾಡಿ ಮಾರಾಟವಾಗಲಿಲ್ಲ. ಬೇಸಗೆ ಮುಗಿಯುವವರೆಗೆ ನಾನು ಬಂದವರೆದುರಿಗೆಲ್ಲ ಈ ಚಿಕಿತ್ಸೆಯನ್ನು ಹೊಗಳಿಕೊಂಡೆನು.

ಮೇ ತಿಂಗಳ ಕೊನೆಯಲ್ಲಿ ಅಕ್ಕನ ಬಲಗಣ್ಣಿನ ಪೊರೆಯನ್ನು ತೆಗೆಯಿಸಲು ಮಣಿಪಾಲಕ್ಕೆ ಹೋದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಕೆಲವು ದಿವಸ ಕಣ್ಣಿಗೆ ನೀರು ಸರ್ವಥಾ ತಾಗಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಮರುದಿನ ಹಿಂದಿರುಗುವಾಗ, ಹೆಬ್ರಿಯ ಬಳಿ ಸೆಕೆ ತಡೆಯಲಾರದೆ ಅಳಿಯನು ಬೆಳಕಿಂಡಿಯನ್ನು ತೆರೆದನು. ಸೋಮೇಶ್ವರಕ್ಕೆ ಬರುವಷ್ಟರಲ್ಲಿ ರೋಹಿಣಿಯ ಮಳೆ ಎದುರಾಯಿತು. ಗುಂಡಿಯನ್ನು ಒತ್ತಿದನು; ಗಾಜು ಅರ್ಧದಾರಿ ಬಂದು, ಒಮ್ಮೆ ನರಳಿ, ನಾಲ್ಕು ಬೆರಳಿನಷ್ಟು ಸಂದು ಬಿಟ್ಟು ನಿಂತುಹೋಯಿತು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಅಕ್ಕನನ್ನು ಒಂದು ಮೂಲೆಗೆ ಸರಿಸಿ, ಒಳಗೇ ಕೊಡೆಯನ್ನು ಬಿಡಿಸಿ ಹಿಡಿದೆನು. ಅಳಿಯನು ಭಾವನವರು ಜೋಪಾನವಾಗಿ ಇಟ್ಟಿದ್ದ ಗಾಡಿಯ ಕೈಪಿಡಿಯನ್ನು ತಡಕಿ ತೆಗೆದನು. ಅದರಲ್ಲಿ ಉಪಾಯವಿದ್ದಿತು: ಒಳದೀಪದ ಹಿಂದಣ ಸಣ್ಣ ಮುಚ್ಚಳವನ್ನು ತೆಗೆದರೆ ಮೋಟಾರಿನ ತುದಿ ಕಾಣುವುದು, ಸಾಮಾನುಚೀಲದಲ್ಲಿರುವ ಆರು ಮೂಲೆಯ ಕೀಲಿಯನ್ನು ಅದಕ್ಕೆ ಸಿಕ್ಕಿಸಿ ಕೈಯಿಂದ ತಿರುಗಿಸಿದರೆ ಗಾಜು ಮುಚ್ಚಿಕೊಳ್ಳುವುದು. ಹತ್ತು ನಿಮಿಷ ತಿರುಗಿಸಿ ಮುಚ್ಚಿದನು. ಬದುಕಿದೆವೆಂದುಕೊಂಡೆವು.

ಬದುಕಿರಲಿಲ್ಲ. ಆಗುಂಬೆಯ ಘಟ್ಟದ ಹದಿನಾಲ್ಕು ತಿರುವುಗಳಲ್ಲಿ ಎರಡನೆಯದನ್ನೋ ಮೂರನೆಯದನ್ನೋ ಏರುತ್ತಿದ್ದೆವು. ಮಾಡಿನ ಹಿಂಭಾಗದಿಂದ, ಸರಿಯಾಗಿ ಅಕ್ಕನು ಕುಳಿತಿದ್ದ ಕಡೆಗೆ, ತಂಬಿಗೆಯಿಂದ ಹೊಯ್ದಂತೆ ನೀರು ಸುರಿಯಿತು. ಕಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಗುರಾಣಿಯನ್ನು ಅಂಟಿಸಿದ್ದರು. ನನ್ನ ಕೈಯಲ್ಲಿ ಕೊಡೆ ಬಿಚ್ಚಿಯೇ ಇದ್ದಿತು. ಈ ಎರಡರಿಂದ ಕಣ್ಣು ಉಳಿಯಿತು. ಘಟ್ಟವನ್ನು ಏರಿ ಮುಗಿಸುವವರೆಗೆ ನಾನು ಗಾಡಿಯ ಒಳಗೆ ಅಕ್ಕನಿಗೆ ಕೊಡೆ ಹಿಡಿದು ಕುಳಿತಿದ್ದೆನು. “ಮಳೆ ಹೊರಗೋ ಒಳಗೋ, ತಮ್ಮ?” ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಮರುದಿನವೇ ತೀರ್ಥಹಳ್ಳಿಯಿಂದ ಮೋಟಾರು ವಿದ್ಯುತ್ತಿನ ಕೆಲಸ ಬಲ್ಲ ಒಬ್ಬನನ್ನು ಅಳಿಯನು ಕರೆತಂದನು. ನೋಡಿದರೆ ನನ್ನ ಹಳೆಯ ಶಿಷ್ಯ! ರಾಮಶಬ್ದವನ್ನು ತಪ್ಪಿಲ್ಲದೆ ಹೇಳಲಾರದೆ ವಾರಕ್ಕೆ ಮೂರು ದಿನ ಬೆಂಚಿನ ಮೇಲೆ ನಿಲ್ಲುತ್ತಿದ್ದ ಹುಡುಗ. ಈಗ ನಲವತ್ತು ದಾಟಿದವನು. ಗಾಜನ್ನು ಸರಿಸಿ ನೋಡಿ, “ಮೇಷ್ಟ್ರೇ, ಈ ತೂತುಗಳನ್ನು ಮುಚ್ಚಿದ ಪುಣ್ಯಾತ್ಮರು ಯಾರು?” ಎಂದನು. ಅಳಿಯನು ತೋಟದ ಕಡೆಗೆ ನೋಡಿದನು. “ನಾನೇ” ಎಂದೆನು.

ಅವನು ನಗಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ ಮನೆಯ ನಡುವಣ ತೊಟ್ಟಿಯನ್ನು ತೋರಿಸಿದನು. ನಾಲ್ಕು ಮಾಡುಗಳ ನೀರೂ ಅದರೊಳಗೆ ಧಾರೆಯಾಗಿ ಬೀಳುತ್ತಿದ್ದಿತು. “ಈ ಮನೆಗೆ ಮಳೆ ಬರುವುದು ಮನೆಯ ನಟ್ಟನಡುವಿಗೇ ಅಲ್ಲವೇ, ಮೇಷ್ಟ್ರೇ? ಆದರೂ ಮನೆ ಸೋರುತ್ತದೆ ಎಂದು ಯಾರೂ ಹೇಳುವುದಿಲ್ಲ. ಆ ಮೂಲೆಯ ತೂಬನ್ನು ಮುಚ್ಚಿ ನೋಡಿ. ಸಂಜೆಯೊಳಗೆ ಜಗಲಿಯ ಮೇಲೆ ನೀರು. ಗಾಡಿಯ ಮಾಡೂ ಹೀಗೆಯೇ. ನೀರನ್ನು ತಡೆಯುವುದಕ್ಕಲ್ಲ, ಕಳಿಸಿಕೊಡುವುದಕ್ಕೆ ಅದನ್ನು ಮಾಡಿರುವುದು.”

ಈ ಒಂದು ಮಾತಿನಲ್ಲಿ ಸರ್ವವೂ ಅಡಗಿದೆ. ಗಾಜಿನ ಸುತ್ತಲಿನ ರಬ್ಬರಿನ ಅಂಚು ನೀರನ್ನು ಪೂರ್ಣವಾಗಿ ತಡೆಯುವುದೆಂದು ಗಾಡಿಯನ್ನು ಮಾಡಿದವರೂ ನಂಬಿರುವುದಿಲ್ಲ. ಸ್ವಲ್ಪ ನೀರು ನುಸುಳಿಯೇ ನುಸುಳುವುದು. ಅದನ್ನು ಹಿಡಿಯಲು ಕೆಳಗೆ ಕಾಲುವೆ. ಸಾಗಿಸಲು ನಾಲ್ಕು ಮೂಲೆಗಳಲ್ಲಿ ನಾಲ್ಕು ತೂಬು. ಪ್ರತಿ ತೂಬಿಗೂ ಕಿರುಬೆರಳಿಗಿಂತ ಸಪೂರವಾದ ಒಂದು ಕೊಳವೆ. ಮುಂದಿನ ಎರಡು ಕೊಳವೆಗಳು ಎದುರಿನ ಗಾಜಿನ ಪಕ್ಕದ ಕಂಬಗಳೊಳಗೂ ಹಿಂದಿನೆರಡು ಹಿಂಬದಿಯ ಕಂಬಗಳೊಳಗೂ ಇಳಿದು, ಗಾಡಿಯ ಕೆಳಗೆ ನೀರನ್ನು ಹೊರಕ್ಕೆ ಬಿಡುವುವು. ನಾನು ಮುಚ್ಚಿದ್ದು ಛಿದ್ರಗಳನ್ನಲ್ಲ, ದ್ವಾರಗಳನ್ನು. ಎರಡು ಕೊಡ ನೀರಿನ ಪರೀಕ್ಷೆಯಲ್ಲಿ ಒಳಗೆ ನುಸುಳಿದ್ದು ಅತ್ಯಲ್ಪ. ಅದು ಕಾಲುವೆಯಲ್ಲಿಯೇ ನಿಂತಿದ್ದಿತು. ಘಟ್ಟದ ಮಳೆಯಲ್ಲಿ ಕಾಲುವೆ ತುಂಬಿತು; ಏರಿನಲ್ಲಿ ನೀರೆಲ್ಲ ಹಿಂದಕ್ಕೆ ಹರಿದು ತುಳುಕಿತು. ಇಳಿಜಾರಿನಲ್ಲಿ ಹೋಗಿದ್ದರೆ ಮುಂದೆ ಕುಳಿತವರ ತಲೆಯ ಮೇಲೆ ಬೀಳುತ್ತಿದ್ದಿತು.

ವೈದ್ಯಶಾಸ್ತ್ರದಲ್ಲಿ ನಿದಾನವಾದ ಮೇಲೆಯೇ ಚಿಕಿತ್ಸೆ. ಅಂದು ಮಾಡಿದ ಕೆಲಸವನ್ನು ಆ ಕ್ರಮದಲ್ಲಿಯೇ ಬರೆಯುವೆನು.

ನಿದಾನ. ಮೊದಲು ಬಿದಿರಿನ ಸೀಳಿನಿಂದ ನನ್ನ ಅಂಟನ್ನು ಕೆರೆದು ತೆಗೆದನು. ಚಾಕುವಿನಿಂದ ಕೆರೆದರೆ ಕಾಲುವೆಗೆ ಗಾಯವಾಗುವುದು. ಬಳಿಕ ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಒಂದು ಬಟ್ಟಲು ನೀರನ್ನು ಒಂದೊಂದು ಮೂಲೆಗೆ ಮೆಲ್ಲನೆ ಹೊಯ್ದನು. ಅಳಿಯನು ಕೆಳಗೆ ಬಗ್ಗಿ ನೋಡುತ್ತಿದ್ದನು. ಮುಂದಿನ ಎಡಗಡೆಯ ನೀರು ಕೂಡಲೇ ನೆಲಕ್ಕೆ ಬಿದ್ದಿತು. ಮುಂದಿನ ಬಲಗಡೆಯದು ಇಳಿಯಲೇ ಇಲ್ಲ. ಹಿಂದಿನ ಎಡಗಡೆಯದು ಹನಿಹನಿಯಾಗಿ ಬಂದಿತು. ಹಿಂದಿನ ಬಲಗಡೆಯದು ಮೇಲೆ ಇಳಿಯಿತು, ಕೆಳಗೆ ಬರಲಿಲ್ಲ. ಒಳಗಿನ ಬಟ್ಟೆಯ ಮುಚ್ಚಿಗೆ ಒದ್ದೆಯಾಯಿತು. ಮೊದಲನೆಯದು ಆರೋಗ್ಯ, ಎರಡನೆಯದು ಕಟ್ಟಿಕೊಂಡುದು, ಮೂರನೆಯದು ಅರ್ಧ ಕಟ್ಟಿಕೊಂಡುದು, ನಾಲ್ಕನೆಯದು ಕೊಳವೆಯೇ ತನ್ನ ಮೂತಿಯಿಂದ ಕಳಚಿಕೊಂಡುದು. ಒಂದು ಬಟ್ಟಲು ನೀರು ಇಷ್ಟನ್ನೂ ಹೇಳಿಬಿಟ್ಟಿತು.

ಚಿಕಿತ್ಸೆ. ಕಟ್ಟಿದ ಕೊಳವೆಗಳಿಗೆ ಕಬ್ಬಿಣದ ತಂತಿಯನ್ನು ತೂರಿಸಬಾರದು, ಕೊಳವೆ ಹರಿಯುವುದು. ಯಂತ್ರದ ಗಾಳಿಯನ್ನು ಜೋರಾಗಿ ಬಿಡಬಾರದು. ಕೊಳವೆ ಒಳಗೆಲ್ಲೋ ಕಳಚಿಕೊಳ್ಳುವುದು. ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನಿನ ದಾರವನ್ನು ಎರಡು ಮಾರಿನಷ್ಟು ತೆಗೆದುಕೊಂಡು, ಚುಚ್ಚದಂತೆ ಅದರ ತುದಿಯನ್ನು ದೀಪಕ್ಕೆ ಹಿಡಿದು ಗುಂಡಗೆ ಮಾಡಿ, ತಿರುಗಿಸುತ್ತ ತಿರುಗಿಸುತ್ತ ಒಳಕ್ಕೆ ಬಿಟ್ಟನು. ಹೊರಬಂದುದು ಏನು? ಕೊಳೆತ ಹಲಸಿನ ಎಲೆಯ ಚೂರು, ಕಪ್ಪು ಕೆಸರು, ಕೆಳತುದಿಯಲ್ಲಿ ಕಣಜವು ಕಟ್ಟಿದ ಮಣ್ಣಿನ ಗೂಡು. ಮರದ ನೆರಳಿನಲ್ಲಿ ಎರಡು ವರ್ಷ ನಿಂತುದರ ಫಲವಿದು. ಆಮೇಲೆ ಸಾಬೂನು ಬೆರಸಿದ ಉಗುರುಬೆಚ್ಚಗಿನ ನೀರಿನಿಂದ ತೊಳೆದನು. ಕೆಲವು ಗಾಡಿಗಳಲ್ಲಿ ಕೊಳವೆಯ ಕೆಳತುದಿಗೆ ಬಾತಿನ ಕೊಕ್ಕಿನಂತಹ ರಬ್ಬರಿನ ಬಾಯಿ ಇರುವುದು. ಅದು ಕೆಸರಿನಿಂದ ಅಂಟಿಕೊಂಡಿದ್ದರೆ ಬೆರಳಿನಿಂದ ಹಿಸುಕಿ ಬಿಡಿಸಬೇಕು. ಕಳಚಿದ ಕೊಳವೆಗೆ ಒಳಮುಚ್ಚಿಗೆಯ ಮೂಲೆಯನ್ನಷ್ಟೇ ಇಳಿಸಿ, ಗಡುಸಾಗಿದ್ದ ತುದಿಯನ್ನು ಕತ್ತರಿಸಿ, ಮೂತಿಗೆ ಸಿಕ್ಕಿಸಿ ಕ್ಲಿಪ್ಪಿನಿಂದ ಬಿಗಿದನು. ಒಂದು ಎಚ್ಚರಿಕೆ: ಮಾಡಿನ ಅಂಚಿನಲ್ಲಿ ಅಪಘಾತಕಾಲದ ಗಾಳಿಚೀಲಗಳಿರುವ ಗಾಡಿಗಳಲ್ಲಿ ಒಳಮುಚ್ಚಿಗೆಯನ್ನು ಮನೆಯಲ್ಲಿ ಬಿಚ್ಚಬಾರದು, ಅದು ಬಲ್ಲವರ ಕೆಲಸ.

ಮೋಟಾರು ನಿಂತುದಕ್ಕೆ ಕಾರಣಗಳು ಎರಡು. ಮೋಟಾರಿನ ಹಲ್ಲುಚಕ್ರವು ಎಡಕ್ಕೊಂದು ಬಲಕ್ಕೊಂದರಂತೆ ಎರಡು ಉಕ್ಕಿನ ಹುರಿಗಳನ್ನು ತಳ್ಳಿ ಎಳೆದು ಗಾಜನ್ನು ಹಳಿಗಳ ಮೇಲೆ ನಡೆಸುವುದು. ಹಳಿಗಳಲ್ಲಿ ಹಳೆಯ ಗ್ರೀಸು ಧೂಳಿನೊಡನೆ ಸೇರಿ ಅರಗಿನಂತೆ ಗಟ್ಟಿಯಾಗಿದ್ದಿತು. ಅದರ ಮೇಲೆ, ಸೋರಿದ ನೀರು ತಂತಿಯ ಕೂಡುಗೆಯನ್ನು ತಲುಪಿ ಹಸುರು ಕಿಲುಬು ಹಿಡಿದಿದ್ದಿತು. ಮೋಟಾರಿಗೆ ಪೂರ್ಣ ಬಲ ಸಿಕ್ಕುತ್ತಿರಲಿಲ್ಲ. ಮೊದಲು ಫ್ಯೂಸನ್ನು ನೋಡಿದನು; ಸರಿಯಾಗಿದ್ದಿತು. ಬ್ಯಾಟರಿಯ ತಂತಿಯನ್ನು ಕಳಚಿ, ಕಿಲುಬನ್ನು ಕೆರೆದು, ಕೂಡುಗೆಯನ್ನು ಒಣಗಿಸಿದನು. ಹಳಿಗಳನ್ನು ಬಟ್ಟೆಯಿಂದ ಒರಸಿ, ಸಿಲಿಕೋನಿನ ಗ್ರೀಸನ್ನು ತೆಳ್ಳಗೆ ಸವರಿದನು. ಎಂಜಿನ್ನಿನ ಎಣ್ಣೆಯನ್ನು ಹಾಕಿದರೆ ಧೂಳು ಹಿಡಿಯುವುದಲ್ಲದೆ ರಬ್ಬರಿಗೂ ಕೇಡು. ಗಾಜನ್ನು ಕೈಯಿಂದ ಮುಚ್ಚಿದ ಮೇಲೆ ಅನೇಕ ಗಾಡಿಗಳಲ್ಲಿ ಮೋಟಾರಿಗೆ ತನ್ನ ಎಲ್ಲೆಯ ನೆನಪು ತಪ್ಪುವುದು. ಕೈಪಿಡಿಯಲ್ಲಿ ಹೇಳಿದಂತೆ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಅದನ್ನು ಮರಳಿ ಕಲಿಸಬೇಕು.

ಕೊನೆಗೆ ರಬ್ಬರಿನ ಅಂಚನ್ನು ತೊಳೆದು, ಗಾಜು ಕೂತ ಎತ್ತರವನ್ನು ಪರೀಕ್ಷಿಸಿದನು. ಮುಂದಿನ ಅಂಚು ಮಾಡಿನ ತಗಡಿಗೆ ಸಮನಾಗಿ ಅಥವಾ ಕೂದಲೆಳೆಯಷ್ಟು ತಗ್ಗಾಗಿ, ಹಿಂದಿನ ಅಂಚು ಸಮನಾಗಿ ಅಥವಾ ಅಷ್ಟೇ ಎತ್ತರವಾಗಿ ಇರಬೇಕು. ಒಂದು ಕಾಗದದ ಚೂರನ್ನು ಅಂಚಿನಲ್ಲಿ ಸಿಕ್ಕಿಸಿ ಗಾಜನ್ನು ಮುಚ್ಚಿ ಎಳೆದರೆ ಸುತ್ತಲೂ ಒಂದೇ ಬಿಗಿ ಸಿಕ್ಕಬೇಕು. ಸಡಿಲವಾದಲ್ಲಿ ಪಕ್ಕದ ತಿರುಪುಗಳಿಂದ ಸರಿಮಾಡಬೇಕು. ನೆಲದ ಕಂಬಳಿಯನ್ನೂ ಅದರಡಿಯ ಮೆತ್ತೆಯನ್ನೂ ಎತ್ತಿ, ಮಳೆ ಬಿಟ್ಟ ಹೊತ್ತಿನಲ್ಲಿ ಬಿಸಿಲಿಗೂ ಉಳಿದಂತೆ ಒಲೆಯ ಅಟ್ಟಕ್ಕೂ ಹಾಕಿ ಒಣಗಿಸಿದೆವು. ಮೇಲೆ ಒಣಗಿದಂತೆ ತೋರಿದರೂ ಮೆತ್ತೆಯು ವಾರಗಟ್ಟಲೆ ನೀರು ಹಿಡಿದುಕೊಂಡಿದ್ದು ನೆಲದ ತಗಡನ್ನು ತಿನ್ನುವುದು.

ಪಥ್ಯ. ರೋಹಿಣಿಯ ಮಳೆಗೆ ಮೊದಲೊಮ್ಮೆ, ದೀಪಾವಳಿಯ ತರುವಾಯ ಒಮ್ಮೆ ಕಾಲುವೆಯನ್ನು ಒರಸಿ ಬಟ್ಟಲು ನೀರಿನ ಪರೀಕ್ಷೆ ಮಾಡಬೇಕು. ಎಲೆ ಉದುರುವ ಮರದ ಕೆಳಗೆ ಗಾಡಿಯನ್ನು ದಿನಗಟ್ಟಲೆ ನಿಲ್ಲಿಸಬಾರದು. ಉಪಯೋಗವಿರಲಿ ಇಲ್ಲದಿರಲಿ, ತಿಂಗಳಿಗೊಮ್ಮೆ ಬೆಳಕಿಂಡಿಯನ್ನು ತೆರೆದು ಮುಚ್ಚಬೇಕು. ಕೈಯಿಂದ ಮುಚ್ಚುವ ಕೀಲಿ ಎಲ್ಲಿದೆಯೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಕಾಲುವೆಯೇ ಸೀಳಿದ್ದರೆ, ಹುರಿಯ ಹಲ್ಲು ಸವೆದು ಗಾಜು ಓರೆಯಾಗಿ ನಡೆಯುತ್ತಿದ್ದರೆ, ಅಥವಾ ತಗಡಿಗೆ ನಿಜವಾಗಿಯೂ ತುಕ್ಕು ಹಿಡಿದಿದ್ದರೆ, ಆಗ ಹೊಸ ಭಾಗಗಳೇ ಬೇಕು. ಆದರೆ ಅಷ್ಟು ದೂರ ಹೋಗುವ ಮೊದಲು ಒಂದು ಬಟ್ಟಲು ನೀರಿನ ಸಾಕ್ಷ್ಯವನ್ನು ಕೇಳಿರಿ.

ಕೆಲಸ ಮುಗಿದಾಗ ಸಂಜೆಯಾಗಿದ್ದಿತು. ಕಾಫಿಯನ್ನು ಕುಡಿಯುತ್ತ ಅವನು ಹೇಳಿದನು: “ನನ್ನ ತಲೆಗೆ ಹೊಯ್ದದ್ದೆಲ್ಲ ಸೋರಿಹೋಗುತ್ತದೆ ಎಂದು ನೀವು ಆಗ ಬೈಯುತ್ತಿದ್ದಿರಿ, ಮೇಷ್ಟ್ರೇ. ಸರಿಯಾಗಿ ಸೋರಿಹೋಗುವುದಕ್ಕೂ ದಾರಿ ಬೇಕು ನೋಡಿ.” ಅವನು ತಮಾಷೆಗೆಂದೇ ಹೇಳಿದನು. ಆದರೆ ನಾನು ಆ ರಾತ್ರಿ ಬಹಳ ಹೊತ್ತು ನಿದ್ರೆ ಬಾರದೆ, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗರನ್ನು ಒಬ್ಬೊಬ್ಬರನ್ನಾಗಿ ನೆನೆದುಕೊಂಡೆನು. ಹರಿಯುವುದನ್ನು ತಡೆಯುವುದೇ ವಿದ್ಯೆಯೆಂದು ಎಷ್ಟು ತೂಬುಗಳನ್ನು ಮುಚ್ಚಿದ್ದೆನೋ!

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುವುದು. ಆ ಮಳೆಗಾಲವಿಡೀ ಗಾಡಿ ಅದೇ ದಾರಿಯಲ್ಲಿ ಓಡಾಡಿತು. ಒಳಗೆ ಒಂದು ಹನಿ ಬೀಳಲಿಲ್ಲ. ಕಾರ್ತಿಕದಲ್ಲಿ ಒಂದು ದಿನ ತೀರ್ಥಹಳ್ಳಿಯಿಂದ ಬರುವಾಗ ಅಕ್ಕನು ಬೆಳಕಿಂಡಿಯನ್ನು ತೆರೆಯಿಸಿದಳು. ಪೊರೆ ಹೋದ ಕಣ್ಣಿನಿಂದ ಮೇಲೆ ನೋಡಿ, “ಅಡಿಕೆ ಸೋಗೆಯ ಒಂದೊಂದು ಎಸಳೂ ಕಾಣುತ್ತದೆ ಕಣೋ” ಎಂದಳು. ಅಳಿಯನು ಗಾಡಿಯನ್ನು ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ.